ಬೋಯಾ ಹಾಕುತ್ತಿದ್ದ ಹಡಗಿನಲ್ಲಿ ಕಲಿಯುವುದಕ್ಕೆ ಏನಿರುತ್ತದೆ?

ಸುಮಾ, ಪೋರ್ಟ್‌ಲ್ಯಾಂಡ್:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು, ಒಂಬತ್ತು ವರ್ಷಗಳಿಂದ ಅಮೆರಿಕದ ಓರೆಗನ್ ರಾಜ್ಯದಲ್ಲಿದ್ದೇನೆ. ನಮ್ಮ ಪಕ್ಕದ ಮನೆಯ ಹುಡುಗಿಯೊಬ್ಬಳು ಕೊಲಂಬಿಯಾ ನದಿಯ ಟಗ್ ದೋಣಿಯಲ್ಲಿ, ಅಂದರೆ ದೊಡ್ಡ ಹಡಗುಗಳನ್ನು ಎಳೆಯುವ ದೋಣಿಯಲ್ಲಿ, ಡೆಕ್ (ಮೇಲ್ಹಾಸಿನ) ಕೆಲಸ ಮಾಡುತ್ತಾಳೆ. ಎಲ್ಲಿ ಕಲಿತೆ ಎಂದು ಕೇಳಿದ್ದಕ್ಕೆ, ಆಸ್ಟೋರಿಯಾ ಊರಿನ ಟಂಗ್ ಪಾಯಿಂಟ್ ಎಂಬಲ್ಲಿ ‘ಐರನ್‌ವುಡ್’ ಎನ್ನುವ ಹಳೆಯ ಹಡಗಿನ ಮೇಲೆ ಕಲಿತೆ ಎಂದಳು. ಅದು ಯುದ್ಧದ ಹಡಗಲ್ಲವಂತೆ, ಸರಕಿನದೂ ಅಲ್ಲವಂತೆ. ಕೋಸ್ಟ್ ಗಾರ್ಡ್‌ನಲ್ಲಿ ಬೋಯಾ, ಅಂದರೆ ಹಡಗುಗಳಿಗೆ ದಾರಿ ತೋರಿಸುವ ತೇಲುಗುರುತು, ಹಾಕುತ್ತಿದ್ದ ಹಡಗಂತೆ.

ನನಗೆ ಮೂರು ಸಂಶಯ. ನೀರಿನ ಮೇಲೆ ತೇಲುವ ಬುರುಡೆಗಳನ್ನು ಇಟ್ಟು ಬರುವುದಕ್ಕೆ ಒಂದು ದೊಡ್ಡ ಹಡಗು ಏಕೆ ಬೇಕು? ಒಮ್ಮೆ ಇಟ್ಟ ಮೇಲೆ ಅದಕ್ಕೆ ದಿನವೂ ಏನು ಕೆಲಸ? ಅಂತಹ ಹಡಗಿನ ಮೇಲೆ ಹದಿನೆಂಟು ವರ್ಷದ ಮಕ್ಕಳು ಕಲಿಯುವುದಾದರೂ ಏನನ್ನು? ಅವಳನ್ನೇ ಕೇಳಬಹುದಿತ್ತು. ಆದರೆ ಅವಳು ಹೇಳುವ ಪದಗಳು ಒಂದೂ ನನಗೆ ಅರ್ಥವಾಗುವುದಿಲ್ಲ. ಕನ್ನಡದಲ್ಲಿ ಯಾರಾದರೂ ತಿಳಿಸಿ.

ಗಂಗೊಳ್ಳಿ ಸಾರಂಗ:

ತಂಗಿ, ನಿಮ್ಮ ಪ್ರಶ್ನೆ ಕಂಡಾಗ ಊಟಕ್ಕೆ ಕುಳಿತಿದ್ದೆ. ಕೈ ತೊಳೆದವನೇ ಬರೆಯುವುದಕ್ಕೆ ಕುಳಿತೆ. ಬೋಯಾ ಹಡಗಿನ ಬಗ್ಗೆ ಯಾರೂ ಕೇಳುವುದಿಲ್ಲ, ನಲವತ್ತು ವರ್ಷಗಳಲ್ಲಿ ನೀವೇ ಮೊದಲು.

ನಾನು ಗಂಗೊಳ್ಳಿಯವನು. ಮೊದಲ ಆರು ವರ್ಷ ಪಶ್ಚಿಮ ಕರಾವಳಿಯ ಒಂದು ಬಂದರಿನಲ್ಲಿ ಬೋಯಾ ಹಡಗಿನ ಖಲಾಸಿಯಾಗಿದ್ದೆ. ಆಮೇಲೆ ಧಾನ್ಯ, ಕಲ್ಲಿದ್ದಲು ಸಾಗಿಸುವ ಹಡಗುಗಳಿಗೆ ಹೋಗಿ, ಸಾರಂಗನಾಗಿ, ಅಂದರೆ ಖಲಾಸಿಗಳ ಮುಖ್ಯಸ್ಥನಾಗಿ, ನಿವೃತ್ತನಾದೆ. ನೀವು ಹೇಳಿದ ಐರನ್‌ವುಡ್ಡನ್ನು ದೂರದಿಂದ ನೋಡಿದ್ದೇನೆ. ಕೊಲಂಬಿಯಾ ನದಿಯಿಂದ ಗೋಧಿ ತುಂಬಿಸಲು ಹೋದ ನಮ್ಮ ಹಡಗು, ಮೇಲಿನ ಬಂದರಿನಲ್ಲಿ ಜಾಗ ಸಿಗುವವರೆಗೆ ಆಸ್ಟೋರಿಯಾದ ಎದುರು ಲಂಗರು ಹಾಕಿತ್ತು. ನಾಲ್ಕು ದಿನ ಬಿಡದೆ ಜಡಿಮಳೆ. ಟಂಗ್ ಪಾಯಿಂಟ್ ಕಡೆ ಮಂಜಿನ ನಡುವೆ ಒಂದು ಆಕಾರ ಕಾಣುತ್ತಿತ್ತು: ಮುಂದೆ ತಗ್ಗಾದ ಅಗಲ ಡೆಕ್ಕು, ಅದರ ಮೇಲೆ ಬಾಗಿದ ಭಾರಿ ಬೂಮು (ಭಾರ ಎತ್ತುವ ಕ್ರೇನಿನ ತೋಳು), ಹಿಂದಕ್ಕೆ ಸರಿದ ಮನೆ. ಹೆಸರು ಓದುವ ಮೊದಲೇ ಅದು ನನ್ನ ಜಾತಿಯ ಹಡಗು ಎಂದು ಗೊತ್ತಾಯಿತು. ನದಿಯಲ್ಲಿ ದಾರಿ ತೋರಿಸಲು ಹಡಗು ಹತ್ತುವ ಪೈಲಟ್ ಬಂದಾಗ ಕೇಳಿದೆ. ಈಗ ಅದು ಹುಡುಗ ಹುಡುಗಿಯರ ಶಾಲೆ ಎಂದರು.

ಮೊದಲು ನಿಮ್ಮ ಮೊದಲ ಪ್ರಶ್ನೆ. ಬೋಯಾ ಎಂದರೆ ನೀರಿನ ಮೇಲಿನ ಮೈಲಿಗಲ್ಲು ಎನ್ನುವವರಿದ್ದಾರೆ. ಮೈಲಿಗಲ್ಲು ನೆಟ್ಟಲ್ಲಿ ನಿಲ್ಲುತ್ತದೆ. ಬೋಯಾ ನಿಲ್ಲುವುದಿಲ್ಲ, ನಿಲ್ಲಿಸಬೇಕು. ತಳದಲ್ಲಿ ಕೆಲವು ಟನ್ ತೂಕದ ಸಿಮೆಂಟ್ ಗುಂಡು, ಅದಕ್ಕೆ ಸರಪಳಿ, ಸರಪಳಿಯ ತುದಿಗೆ ಬೋಯಾ. ಸರಪಳಿ ನೀರಿನ ಆಳದ ಎರಡು ಮೂರು ಪಟ್ಟು ಉದ್ದವಿರಬೇಕು. ಬಿಗಿಯಾಗಿದ್ದರೆ ಅಲೆ ಎತ್ತಿದಾಗ ಗುಂಡನ್ನೇ ಎಳೆದುಕೊಂಡು ಹೋಗುತ್ತದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಕಾಣುವ ದೀಪದ ದೊಡ್ಡ ಬೋಯಾ 8 ಅಡಿ ಅಗಲ, 26 ಅಡಿ ಉದ್ದ. ಐದು ಟನ್ನಿಗೂ ಹೆಚ್ಚು ತೂಗುತ್ತದೆ. ನೀರಿನ ಮೇಲೆ ನೀವು ನೋಡುವುದು ಅದರ ಒಂದು ಭಾಗ ಮಾತ್ರ. ಬುರುಡೆ ಎಂದಿರಲ್ಲ, ಅದು ಡೆಕ್ಕಿನ ಮೇಲೆ ಅಡ್ಡ ಬಿದ್ದಿರುವಾಗ ಪಕ್ಕದಲ್ಲಿ ನಿಂತರೆ ನಿಮ್ಮ ತಲೆಯೇ ಆಚೆಯವರಿಗೆ ಕಾಣಿಸುವುದಿಲ್ಲ.

ಸರಪಳಿ ಎಲ್ಲಿ ಸವೆಯುತ್ತದೆ ಗೊತ್ತೇ? ತಳದಲ್ಲಿ ಮಲಗಿರುವ ಭಾಗ ಅಷ್ಟಾಗಿ ಸವೆಯುವುದಿಲ್ಲ, ಮೇಲೆ ತೂಗುವ ಭಾಗವೂ ಅಷ್ಟಿಲ್ಲ. ಪ್ರತಿ ಅಲೆಗೂ ತಳದಿಂದ ಎದ್ದು ಮತ್ತೆ ಬೀಳುತ್ತದಲ್ಲ, ನಡುವಿನ ಆ ಕೆಲವು ಮಾರು, ಅದು ಮರಳಿಗೆ ಉಜ್ಜಿ ಉಜ್ಜಿ ತೆಳುವಾಗುತ್ತದೆ. ಬಾವಿಯ ಹಗ್ಗ ಕಟ್ಟೆಗೆ ತಾಗುವ ಜಾಗದಲ್ಲೇ ಸವೆಯುವ ಹಾಗೆ. ನಾನು ಖಲಾಸಿಯಾಗಿದ್ದಾಗ ಹೆಬ್ಬೆರಳಿಗಿಂತ ದಪ್ಪನೆಯ ಕೊಂಡಿ ಕಿರುಬೆರಳಿನಷ್ಟಾಗಿ ಮೇಲೆ ಬಂದದ್ದನ್ನು ಕೈಯಲ್ಲಿ ಹಿಡಿದಿದ್ದೇನೆ. ಇನ್ನೊಂದು ಮಳೆಗಾಲ ಬಿಟ್ಟಿದ್ದರೆ ಕಳಚಿಕೊಳ್ಳುತ್ತಿತ್ತು. ಕಳಚಿಕೊಂಡು ಹೋದರೂ ಒಂದು ಲೆಕ್ಕ, ಇಲ್ಲವೆಂದು ಎಲ್ಲರಿಗೂ ಕಾಣುತ್ತದೆ. ಗುಂಡು ಸರಿದು, ಬೋಯಾ ಇನ್ನೂರು ಗಜ ಆಚೆ ನಿಂತು ರಾತ್ರಿಯೆಲ್ಲ ನಂಬಿಕೆಯಿಂದ ದೀಪ ಮಿನುಗಿಸುತ್ತಿದ್ದರೆ? ಅದನ್ನು ನಂಬಿ ಬಂದ ಹಡಗು ಮರಳ ದಿಬ್ಬಕ್ಕೆ ಹತ್ತುತ್ತದೆ. ಬೋಯಾ ಹಡಗಿನವನಿಗೆ ರಾತ್ರಿ ನಿದ್ದೆ ಕೆಡಿಸುವ ಯೋಚನೆ ಇದೊಂದೇ.

ಆದ್ದರಿಂದ ಆ ಹಡಗಿನ ಬದುಕು ಎಂದರೆ ಸುತ್ತು. ಒಂದು ಕಡೆಯಿಂದ ಹೊರಟು, ಪ್ರತಿಯೊಂದನ್ನೂ ಎತ್ತಿ, ನೋಡಿ, ಸರಿಪಡಿಸಿ, ಇಳಿಸಿ, ಮುಂದಿನದಕ್ಕೆ ಹೋಗುವುದು. ಮುಗಿಯುವ ಹೊತ್ತಿಗೆ ಮೊದಲನೆಯದರ ಸರದಿ ಮತ್ತೆ ಬಂದಿರುತ್ತದೆ.

ಒಂದನ್ನು ಎತ್ತುವುದು ಹೇಗೆ ಎಂದು ಹೇಳುತ್ತೇನೆ. ಹಡಗು ಸೆಳೆತಕ್ಕೆ ಮುಖ ಕೊಟ್ಟು, ನಡೆಯುವ ವೇಗಕ್ಕಿಂತ ನಿಧಾನವಾಗಿ ಬೋಯಾದ ಪಕ್ಕಕ್ಕೆ ಬರುತ್ತದೆ. ಡೆಕ್ಕಿನ ಅಂಚಿನಲ್ಲಿ ತಡೆಗೋಡೆ ಇಲ್ಲದ ಒಂದು ಬಾಯಿ ಇದೆ. ಅಲ್ಲಿ ಒಬ್ಬ ಬಗ್ಗಿ ಕೊಕ್ಕೆ ಸಿಕ್ಕಿಸುತ್ತಾನೆ. ಬೋಯಾ ಕುಣಿಯುತ್ತಿರುತ್ತದೆ, ಹಡಗು ಇನ್ನೊಂದು ತಾಳದಲ್ಲಿ ಕುಣಿಯುತ್ತಿರುತ್ತದೆ. ಬೂಮು ಎತ್ತುತ್ತದೆ. ಸುತ್ತ ನಾಲ್ಕು ಜನ ಹಗ್ಗ ಹಿಡಿದು ಅದು ತೂಗಾಡದಂತೆ ಜಗ್ಗುತ್ತಾರೆ. ನೀರು ಧೋ ಎಂದು ಸುರಿಯುತ್ತದೆ. ಡೆಕ್ಕಿಗೆ ಇಳಿದ ಮೇಲೆ ಅದರ ಹೊಟ್ಟೆಯನ್ನು ನೋಡಬೇಕು! ನಮ್ಮ ಬಂದರಿನಲ್ಲಿ ಒಂದೊಂದಕ್ಕೆ ಎರಡು ಗೇಣು ದಪ್ಪ ಪಚ್ಚಿಲೆ ಎಂಬ ಚಿಪ್ಪುಜೀವಿ ಹತ್ತಿರುತ್ತಿತ್ತು, ಅದರ ಸಂದಿಯಲ್ಲಿ ಚಿಕ್ಕ ಏಡಿ, ಹುಳ, ಜೊಂಡು. ಬಿಸಿಲಿಗೆ ಒಣಗುವ ಮೊದಲೇ ಹೆರೆಯಬೇಕು. ಒಣಗಿತೋ, ಗಾರೆಯ ಹಾಗೆ ಕಚ್ಚಿಕೊಳ್ಳುತ್ತದೆ. ನಾವು ಉದ್ದ ಹಿಡಿಯ ಉಳಿಯಿಂದ ಹೆರೆಯುತ್ತಿದ್ದೆವು, ಸಂಜೆ ಅದರಲ್ಲೇ ಒಂದು ಬಕೆಟ್ ಅಡುಗೆಮನೆಗೆ ಹೋಗುತ್ತಿತ್ತು.

ಆಮೇಲೆ ಸರಪಳಿ. ಸ್ವಲ್ಪ ಸ್ವಲ್ಪವೇ ಎಳೆದು, ಪ್ರತಿ ಸಲವೂ ಡೆಕ್ಕಿನ ಅಂಚಿನಲ್ಲಿರುವ ಹಿಡಿಕೆಯ ಬಾಯಿಗೆ ಕೊಟ್ಟು, ಕೊಂಡಿಗಳ ದಪ್ಪವನ್ನು ಅಳೆಯುವುದು. ಕ್ಯಾಲಿಪರಿನ ಅಳತೆ ಗೊತ್ತಾದ ಮಿತಿಗಿಂತ ಕೆಳಗೆ ಬಂದರೆ ಆ ತುಂಡನ್ನು ಕತ್ತರಿಸಿ ಹೊಸದನ್ನು ಸೇರಿಸುವುದು. ದೀಪ, ಬ್ಯಾಟರಿ, ಸೋಲಾರ್ ಫಲಕ ನೋಡುವುದು. ಗಂಟೆಯ ಬೋಯಾ ಆದರೆ ಸುತ್ತಲಿನ ನಾಲ್ಕು ನಾಲಗೆಗಳೂ ಗಂಟೆಗೆ ಸರಿಯಾಗಿ ಬಡಿಯುತ್ತಿವೆಯೇ ಎಂದು ಕೈಯಿಂದ ಆಡಿಸಿ ನೋಡುವುದು. ಅದಕ್ಕೆ ಕರೆಂಟ್ ಇಲ್ಲ, ಅಲೆಯೇ ಅದನ್ನು ಬಾರಿಸುತ್ತದೆ. ಮಂಜಿನಲ್ಲಿ ಕಣ್ಣು ಸೋತಾಗ ಆ ಗಂಟೆಯೇ ಗತಿ.

ಕೊನೆಗೆ ಮರಳಿ ಇಳಿಸುವುದು. ಈಗ ಜಿಪಿಎಸ್ ಇದೆ. ನಮ್ಮ ಕಾಲದಲ್ಲಿ ದಡದ ಮೂರು ಗುರುತು, ಒಂದು ದೀಪಸ್ತಂಭ, ಒಂದು ಕಾರ್ಖಾನೆಯ ಚಿಮಣಿ, ಒಂದು ಚರ್ಚಿನ ಗೋಪುರ. ಇಬ್ಬರು ಅಧಿಕಾರಿಗಳು ಸೆಕ್ಸ್‌ಟೆಂಟ್ ಅಡ್ಡ ಹಿಡಿದು ಅವುಗಳ ನಡುವಿನ ಎರಡು ಕೋನ ಕೂಗುತ್ತಿದ್ದರು, ಮೂರನೆಯವರು ನಕ್ಷೆಯ ಮೇಲೆ ಮೂರು ಕಾಲಿನ ಅಳತೆಪಟ್ಟಿ ಇಟ್ಟು ಜಾಗ ಹೇಳುತ್ತಿದ್ದರು. ಗುಂಡು ಹಡಗಿನ ಅಂಚಿನಲ್ಲಿ ಹಿಡಿಕೆಗೆ ಜೋತಿರುತ್ತದೆ. ಡೆಕ್ಕಿನ ಮೇಲೆ ಯಾರೂ ಮಾತನಾಡುವುದಿಲ್ಲ. ‘ಬಿಡು’ ಎಂದ ಕ್ಷಣ ಒಬ್ಬ ಸುತ್ತಿಗೆಯಿಂದ ಕೊಕ್ಕೆಯ ಬಳೆಗೆ ಒಂದೇ ಏಟು ಹಾಕುತ್ತಾನೆ. ಗುಂಡು ಧೊಪ್ಪನೆ ಹೋಗುತ್ತದೆ, ಸರಪಳಿ ಗುಡುಗುತ್ತಾ ಅದರ ಹಿಂದೆ ಓಡುತ್ತದೆ, ತುಕ್ಕಿನ ಕೆಂಪು ಧೂಳು ಎದ್ದು ಕಣ್ಣಿಗೆ ಬೀಳುತ್ತದೆ, ಕಾಲಡಿಯ ಕಬ್ಬಿಣ ನಡುಗುತ್ತದೆ. ಆರು ವರ್ಷದಲ್ಲಿ ಆ ಸುತ್ತಿಗೆ ನನ್ನ ಕೈಗೆ ಬಂದದ್ದು ಕೊನೆಯ ಎರಡು ವರ್ಷ. ಅಷ್ಟು ಸುಲಭವಾಗಿ ಅದನ್ನು ಯಾರ ಕೈಗೂ ಕೊಡುತ್ತಿರಲಿಲ್ಲ.

ಇನ್ನು ಐರನ್‌ವುಡ್. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ, 1942ರಿಂದ 1944ರ ನಡುವೆ, ಅಮೆರಿಕದವರು 180 ಅಡಿ ಉದ್ದದ ಇಂತಹ 39 ಹಡಗುಗಳನ್ನು ಕಟ್ಟಿಸಿದರು. ಎಲ್ಲಕ್ಕೂ ಮರ, ಗಿಡ, ಹೂವಿನ ಹೆಸರು. 38 ಹಡಗು ಕಟ್ಟಿದ್ದು ಸಮುದ್ರದಿಂದ ಬಹುದೂರದ ಡುಲುತ್ ಊರಿನಲ್ಲಿ, ಸುಪೀರಿಯರ್ ಸರೋವರದ ದಡದಲ್ಲಿ. ಐರನ್‌ವುಡ್ ಒಂದೇ ಮೇರಿಲ್ಯಾಂಡ್‌ನ ಕರ್ಟಿಸ್ ಬೇಯಲ್ಲಿ, ಕೋಸ್ಟ್ ಗಾರ್ಡಿನ ಸ್ವಂತ ಕಟ್ಟೆಯಲ್ಲಿ ಹುಟ್ಟಿದ್ದು. 1943ರಲ್ಲಿ ಸೇವೆಗೆ ಸೇರಿ ಪೆಸಿಫಿಕ್ ಕಡೆ ಹೋಯಿತು, ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಲ್ಲಿನ ಬಂದರುಗಳ ಬೋಯಾ ಕೆಲಸಕ್ಕೂ ಹೋಗಿ ಬಂತು, ಅಲಾಸ್ಕಾದ ಚಳಿಯಲ್ಲಿ ದುಡಿಯಿತು. 2000ದಲ್ಲಿ ನಿವೃತ್ತಿ. 57 ವರ್ಷ! ಅಂತಹುದನ್ನು ಗುಜರಿಗೆ ಹಾಕದೆ ಮಕ್ಕಳ ಕೈಗೆ ಕೊಟ್ಟರಲ್ಲ, ಆ ನಿರ್ಧಾರ ಮಾಡಿದವರಿಗೆ ನನ್ನ ನಮಸ್ಕಾರ.

ಟಂಗ್ ಪಾಯಿಂಟ್ ಯುದ್ಧಕಾಲದಲ್ಲಿ ನೀರಿನ ಮೇಲೆ ಇಳಿಯುವ ವಿಮಾನಗಳ ನೌಕಾನೆಲೆ. ಆಮೇಲೆ ಅಲ್ಲಿ ಜಾಬ್ ಕೋರ್ ಕೇಂದ್ರ ಬಂತು. ಅದು ಅಮೆರಿಕದ ಕಾರ್ಮಿಕ ಇಲಾಖೆಯ ಯೋಜನೆ, 1964ರದು. 16ರಿಂದ 24 ವರ್ಷದ, ಕೈಯಲ್ಲಿ ಕಾಸಿಲ್ಲದ ಮನೆಯ ಮಕ್ಕಳಿಗೆ ಊಟ, ವಸತಿ ಕೊಟ್ಟು ಕಸುಬು ಕಲಿಸುತ್ತಾರೆ, ಶುಲ್ಕವಿಲ್ಲ. ನಿಮ್ಮ ಪಕ್ಕದ ಮನೆಯ ಹುಡುಗಿ ಅಲ್ಲಿ ಹಡಗಿನ ಕೆಲಸ ಆರಿಸಿಕೊಂಡಿದ್ದಾಳೆ.

ಜಾಗವಾದರೂ ಎಂತಹುದು! ನಮ್ಮ ಗಂಗೊಳ್ಳಿಯ ಅಳಿವೆಯಲ್ಲಿ ಮಳೆಗಾಲದಲ್ಲಿ ಹೊಳೆಯ ನೀರು ಹೊರಗೆ ನುಗ್ಗುವಾಗ, ಎದುರಿನಿಂದ ಕಡಲು ಒಳಗೆ ನುಗ್ಗಿ, ನಡುವೆ ನೀರು ಗೋಡೆಯಾಗಿ ಏಳುತ್ತದೆ. ಅಲ್ಲಿ ದೋಣಿ ಮಗುಚಿ ಹೋದವರಲ್ಲಿ ನನ್ನ ನೆಂಟರೂ ಇದ್ದಾರೆ. ಕೊಲಂಬಿಯಾದ ಅಳಿವೆ ಅದನ್ನೇ ನೂರು ಪಟ್ಟು ಮಾಡಿದ ಹಾಗೆ. 1792ರಿಂದ ಈಚೆಗೆ ಸುಮಾರು 2000 ಹಡಗು, ದೋಣಿಗಳು ಅಲ್ಲಿ ಮತ್ತು ಅದರ ಸುತ್ತಮುತ್ತ ಹೋಗಿವೆ. ಪೆಸಿಫಿಕ್‌ನ ಮಸಣ ಎಂದು ಅವರೇ ಕರೆಯುತ್ತಾರೆ. ಬೋಯಾದ ಬೆಲೆ ಏನೆಂದು ಅಲ್ಲಿ ಕಲಿಯುವವರಿಗೆ ಬಾಯಿಮಾತಿನಲ್ಲಿ ಹೇಳಬೇಕಾಗಿಲ್ಲ.

ಹೇಮಂತ್, ಇಂಜಿನ್‌ರೂಮ್:

ಸಾರಂಗರು ಡೆಕ್ಕಿನ ವಿಷಯ ಹೇಳಿದ್ದಾರೆ, ಕೆಳಗಿನದನ್ನು ನಾನು ಸೇರಿಸುತ್ತೇನೆ. ಆ 180 ಅಡಿಯ ಹಡಗುಗಳಲ್ಲಿ ಡೀಸೆಲ್ ಇಂಜಿನ್ ನೇರವಾಗಿ ಹಡಗನ್ನು ತಳ್ಳುವ ಪಂಖವನ್ನು ತಿರುಗಿಸುವುದಿಲ್ಲ. ಎರಡು ಡೀಸೆಲ್ ಇಂಜಿನ್‌ಗಳು ಜನರೇಟರ್‌ಗಳನ್ನು ನಡೆಸುತ್ತವೆ, ಆ ವಿದ್ಯುತ್ತಿನಿಂದ ಒಂದು ದೊಡ್ಡ ಮೋಟಾರು, ಮೋಟಾರಿನಿಂದ ಒಂದೇ ಪಂಖ. ಸಾರಂಗರು ಹೇಳಿದ ‘ನಡೆಯುವ ವೇಗಕ್ಕಿಂತ ನಿಧಾನ’ ಸಾಧ್ಯವಾಗುವುದು ಇದರಿಂದ. ಇಂಜಿನ್ ತನ್ನ ಪಾಡಿಗೆ ಓಡುತ್ತಿರುವಾಗಲೇ ಪಂಖದ ವೇಗವನ್ನು ಎಷ್ಟು ಬೇಕಾದರೂ ಇಳಿಸಬಹುದು, ಹಿಂದಕ್ಕೂ ತಿರುಗಿಸಬಹುದು.

ಕಲಿಯುವವರಿಗೆ ಇದು ಬಂಗಾರ. ಡೀಸೆಲ್, ಜನರೇಟರ್, ಮೋಟಾರು, ಸ್ವಿಚ್‌ಬೋರ್ಡ್ ಎಲ್ಲ ಒಂದೇ ಚಾವಣಿಯ ಕೆಳಗೆ, ಎಲ್ಲವೂ ಕೈಗೆ ಸಿಗುವ ಹಾಗೆ. ನಾನು ಕೆಲಸ ಮಾಡಿದ ಹೊಸ ಹಡಗುಗಳಲ್ಲಿ ಪರದೆಯ ಮೇಲೆ ಅಂಕಿ ನೋಡಿ ಕಾಯಿಲೆ ಗುರುತಿಸುತ್ತಿದ್ದೆವು. ಹಳೆಯ ಯಂತ್ರದಲ್ಲಿ ಬೇರಿಂಗಿನ ಮೇಲೆ ಅಂಗೈ ಇಟ್ಟು ಬಿಸಿ ತಿಳಿಯಬೇಕು.

ನಿಖಿಲ್, ಸುರತ್ಕಲ್:

ಹಿರಿಯರು ಬೇಸರಿಸಬಾರದು. ನಾನು ಈಗ ಕಡಲ ತರಬೇತಿಯಲ್ಲಿರುವ ವಿದ್ಯಾರ್ಥಿ. ಇವತ್ತು ಹಡಗು ನಡೆಸುವುದನ್ನು ಕಂಪ್ಯೂಟರಿನಲ್ಲಿ ನಕಲು ಮಾಡುವ ಸಿಮ್ಯುಲೇಟರ್‌ನಲ್ಲಿ ಯಾವ ಬಂದರು, ಯಾವ ಬಿರುಗಾಳಿ ಬೇಕಾದರೂ ತರಬಹುದು, ತಪ್ಪು ಮಾಡಿದರೆ ಯಾರಿಗೂ ಪೆಟ್ಟಾಗುವುದಿಲ್ಲ. ಹೊಸ ಬೋಯಾ ಹಡಗುಗಳೇ ಕಂಪ್ಯೂಟರಿನಿಂದ ತಾವಾಗಿ ಒಂದೇ ಜಾಗದಲ್ಲಿ ನಿಲ್ಲುತ್ತವೆ. ಹೀಗಿರುವಾಗ ಎಂಬತ್ತು ವರ್ಷ ಹಿಂದಿನ ಹಡಗಿನ ಮೇಲೆ ಸುತ್ತಿಗೆ, ಉಳಿ ಹಿಡಿದು ಕಲಿತದ್ದು ಮುಂದೆ ಎಲ್ಲಿ ಉಪಯೋಗಕ್ಕೆ ಬರುತ್ತದೆ?

ಗಂಗೊಳ್ಳಿ ಸಾರಂಗ:

ತಮ್ಮ, ಬೇಸರ ಏಕೆ, ಕೇಳಬೇಕಾದದ್ದನ್ನೇ ಕೇಳಿದ್ದೀ. ಸಿಮ್ಯುಲೇಟರ್ ಬೇಕು. ಹಡಗು ನಡೆಸುವವರಿಗೆ ಅದು ದೊಡ್ಡ ವರ. ಹೊಸ ಹಡಗು ತಾನಾಗಿ ನಿಲ್ಲುವುದೂ ನಿಜ; 1996ರಿಂದ ಬಂದ 225 ಅಡಿಯ ಜೂನಿಪರ್ ಜಾತಿಯ ಹಡಗುಗಳಿಗೆ ಆ ವಿದ್ಯೆ ಇದೆ, ಅವು ಬಂದ ಮೇಲೆಯೇ ಹಳೆಯವು ಒಂದೊಂದಾಗಿ ಹೋದದ್ದು. ಆದರೆ ಹಡಗು ತಾನಾಗಿ ನಿಂತರೂ ಕೊಕ್ಕೆ ತಾನಾಗಿ ಸಿಕ್ಕಿಕೊಳ್ಳುವುದಿಲ್ಲ. ಆ ಡೆಕ್ಕಿನ ಬಾಯಿಯಲ್ಲಿ ಇವತ್ತಿಗೂ ಒಬ್ಬರು ಬಗ್ಗಲೇಬೇಕು.

ಸಿಮ್ಯುಲೇಟರಿಗೆ ತೂಕವಿಲ್ಲ. ನಾನು ಹೇಳುವುದು ಇದೊಂದನ್ನೇ. ಐದು ಟನ್ ಗಾಳಿಯಲ್ಲಿ ತೂಗುವಾಗ ಹಗ್ಗ ಅಂಗೈಯಲ್ಲಿ ಹೇಗೆ ಬಿಸಿಯಾಗುತ್ತದೆ, ಹರಿಯುವ ಮೊದಲು ಹಗ್ಗ ಹೇಗೆ ಸಣ್ಣಗೆ ಕಿರುಗುಟ್ಟುತ್ತದೆ, ಯಾವ ಸುರುಳಿಯೊಳಗೆ ಕಾಲಿಡಬಾರದು, ಇದು ಕಾಲಿಗೆ, ಬೆನ್ನಿಗೆ ಗೊತ್ತಾಗಬೇಕು, ಬರಿಯ ತಲೆಗೆ ಗೊತ್ತಾದರೆ ಸಾಲದು. ಟಗ್ ದೋಣಿಯ ಮೇಲೆ ಆ ಹುಡುಗಿಯ ಕೆಲಸ ದಿನವೂ ಇದೇ: ತೂಕ, ಹಗ್ಗ, ಒದ್ದೆ ಕಬ್ಬಿಣ.

ನಮ್ಮ ಹಡಗಿನಲ್ಲಿ ನಡೆದದ್ದು ಹೇಳುತ್ತೇನೆ. ಬೂಮಿನವನಿಗೆ ಕೈಸನ್ನೆ ಕೊಡುವವನು ಒಬ್ಬನೇ ಇರಬೇಕು. ಒಂದು ದಿನ ಆಗಿನ ನಮ್ಮ ಸಾರಂಗರು ‘ತಡೆ’ ಎಂದು ಮುಷ್ಟಿ ಎತ್ತಿದ್ದರು. ಪಕ್ಕದಲ್ಲಿದ್ದ ಇನ್ನೊಬ್ಬ ಆತುರದಲ್ಲಿ ‘ಇಳಿಸು’ ಎಂದು ಅಂಗೈ ತೋರಿಸಿದ. ಬೂಮಿನವನಿಗೆ ಕಂಡದ್ದು ಅಂಗೈ. ಸರಪಳಿಯ ಕೆಳಗೆ ಕೈ ಇಟ್ಟಿದ್ದ ಹುಡುಗ ನನ್ನ ಜೊತೆಗಾರ, ಹತ್ತೊಂಬತ್ತು ವರ್ಷ. ಎರಡು ಬೆರಳು ಹೋದವು. ಅವನು ಕೂಗಲೂ ಇಲ್ಲ, ಕೈಯನ್ನೇ ನೋಡುತ್ತಾ ನಿಂತಿದ್ದ. ನಾನು ಸಾರಂಗನಾದ ಮೇಲೆ ಡೆಕ್ಕಿಗೆ ಬಂದ ಪ್ರತಿ ಹೊಸಬನಿಗೂ ಮೊದಲ ದಿನ ಹಗ್ಗದ ಗಂಟನ್ನು ಕಲಿಸಲಿಲ್ಲ. ಸುಮ್ಮನೆ ಒಬ್ಬನ ಕೈಯನ್ನೇ ನೋಡುತ್ತಾ ನಿಲ್ಲುವುದನ್ನು ಕಲಿಸಿದೆ.

ಐರನ್‌ವುಡ್‌ನ ಒಡಹುಟ್ಟು ‘ಬ್ಲಾಕ್‌ಥಾರ್ನ್’ ಎಂಬ ಹಡಗಿನ ಕಥೆಯನ್ನೂ ನೀನು ತಿಳಿದಿರಬೇಕು. 1980ರ ಜನವರಿ 28ರ ರಾತ್ರಿ, ಫ್ಲಾರಿಡಾದ ಟ್ಯಾಂಪಾ ಕೊಲ್ಲಿಯಲ್ಲಿ, ದುರಸ್ತಿ ಮುಗಿಸಿ ಹೊರಗೆ ಹೊರಟಿತ್ತು. ಎದುರಿನಿಂದ ಬಂದ ‘ಕಾಪ್ರಿಕಾರ್ನ್’ ಎಂಬ ಟ್ಯಾಂಕರಿಗೆ ಡಿಕ್ಕಿಯಾಯಿತು. ಟ್ಯಾಂಕರಿನ ಲಂಗರು ಬ್ಲಾಕ್‌ಥಾರ್ನ್‌ನ ಪಕ್ಕೆಗೆ ಸಿಕ್ಕಿಕೊಂಡು, ಸರಪಳಿ ಬಿಗಿದು, ಹಡಗನ್ನು ಮಗುಚಿ ಹಾಕಿತು. ಸತ್ತವರು 23 ಜನ, ಬದುಕಿದವರು 27. ವಿಲಿಯಂ ಫ್ಲೋರೆಸ್ ಎಂಬ ಹುಡುಗ, ಇನ್ನೂ ಇಪ್ಪತ್ತು ತುಂಬಿರಲಿಲ್ಲ, ತರಬೇತಿ ಮುಗಿಸಿ ಹಡಗಿಗೆ ಬಂದು ಹೆಚ್ಚು ಕಾಲವೂ ಆಗಿರಲಿಲ್ಲ, ಜೀವರಕ್ಷಕ ಜಾಕೆಟ್‌ಗಳ ಪೆಟ್ಟಿಗೆಯ ಬಾಗಿಲು ಮುಚ್ಚಿಕೊಳ್ಳದಂತೆ ತನ್ನ ಸೊಂಟದ ಬೆಲ್ಟು ಬಿಚ್ಚಿ ಕಟ್ಟಿ ನಿಲ್ಲಿಸಿದ. ಜಾಕೆಟ್‌ಗಳು ತೇಲಿ ಮೇಲೆ ಬಂದವು, ನೀರಿನಲ್ಲಿದ್ದವರ ಕೈಗೆ ಸಿಕ್ಕವು. ಅವನು ಹಡಗಿನ ಜೊತೆಗೇ ಹೋದ. 2000ದಲ್ಲಿ ಕೋಸ್ಟ್ ಗಾರ್ಡ್ ಪದಕ ಕೊಟ್ಟರು, ಅವನ ಹೆಸರಿನ ಗಸ್ತು ಹಡಗೂ ಈಗ ಇದೆ. ಆ ಕತ್ತಲಲ್ಲಿ, ಓರೆಯಾದ ಡೆಕ್ಕಿನ ಮೇಲೆ, ಪೆಟ್ಟಿಗೆ ಎಲ್ಲಿದೆ ಎಂದು ಅವನು ಹುಡುಕಲಿಲ್ಲ. ಆ ಡೆಕ್ಕಿನ ಮೇಲೆ ನಡೆದಾಡಿದ್ದ ಕಾಲಿಗೆ ಅದು ಗೊತ್ತಿತ್ತು ಎಂದೇ ನಾನು ನಂಬುತ್ತೇನೆ.

ಇನ್ನೊಂದು ಒಡಹುಟ್ಟು ‘ಜೆಂಟಿಯನ್’ ಕೂಡ 1999ರಲ್ಲಿ ಐರನ್‌ವುಡ್‌ನ ಹಾಗೆ ಕಲಿಸುವ ಹಡಗಾಯಿತು. ಮಯಾಮಿಯಲ್ಲಿ ನೆಲೆಸಿ, ಕೆರಿಬಿಯನ್ ದ್ವೀಪದೇಶಗಳ ನಾವಿಕರನ್ನೂ ಸೇರಿಸಿಕೊಂಡು, ಆ ದೇಶಗಳ ಕರಾವಳಿ ಪಡೆಯವರಿಗೆ ದೋಣಿ ದುರಸ್ತಿ ಮತ್ತು ಕಡಲ ಕೆಲಸ ಕಲಿಸುತ್ತಾ ಊರಿಂದೂರಿಗೆ ತಿರುಗಿತು. ದೊಡ್ಡ ಡೆಕ್ಕು, ಬೂಮು, ಐವತ್ತು ಜನ ಮಲಗುವ ಜಾಗ, ತಗ್ಗು ನೀರಿಗೂ ಹೋಗುವ ಅಡಿ. ಶಾಲೆಗೆ ಬೇಕಾದದ್ದೆಲ್ಲ ಈ ಜಾತಿಯ ಹಡಗಿನಲ್ಲಿ ಕಟ್ಟುವಾಗಲೇ ಸೇರಿಕೊಂಡಿದೆ.

ಸುಮಾ ತಂಗಿ, ಒಂದು ಮಾತು ಮರೆತೆ. ನೀವು ನದಿಯ ದಡಕ್ಕೆ ಹೋದರೆ ಬಣ್ಣ ನೋಡಿ. ನಮ್ಮ ದೇಶದಲ್ಲಿ ಕಡಲಿನಿಂದ ಬಂದರಿಗೆ ಬರುವಾಗ ಕೆಂಪು ಬೋಯಾ ಎಡಕ್ಕೆ, ಹಸಿರು ಬಲಕ್ಕೆ. ಅಮೆರಿಕದಲ್ಲಿ ಕೆಂಪು ಬಲಕ್ಕೆ. ಜಗತ್ತನ್ನೇ ಎರಡು ವಲಯ ಮಾಡಿದ್ದಾರೆ: ಅಮೆರಿಕ ಖಂಡಗಳು, ಜಪಾನ್, ಕೊರಿಯಾ, ಫಿಲಿಪ್ಪೀನ್ಸ್ ಒಂದು ಕಡೆ, ನಾವೆಲ್ಲ ಇನ್ನೊಂದು ಕಡೆ. ಮೊದಲ ಸಲ ಕೊಲಂಬಿಯಾ ಹತ್ತುವಾಗ ಚುಕ್ಕಾಣಿ ನನ್ನ ಕೈಯಲ್ಲಿತ್ತು. ಪೈಲಟ್ ಹೇಳಿದ ಅಂಕಿಗೆ ಸರಿಯಾಗಿ ತಿರುಗಿಸಿದೆ, ಆದರೆ ಕೆಂಪು ದೀಪ ಬಲಗಡೆಯಿಂದ ಹಾದುಹೋದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು. ನದಿಯಲ್ಲಿ ಹಡಗು ಹೋಗುವ ಕಾಲುವೆಯ ಅಗಲ 600 ಅಡಿ ಅಷ್ಟೇ, ನಮ್ಮ ಹಡಗು ಅಗಲದಲ್ಲೇ ನೂರು ಅಡಿಗೂ ಹೆಚ್ಚು.

ಸುಮಾ, ಪೋರ್ಟ್‌ಲ್ಯಾಂಡ್:

ಸಾರಂಗರೇ, ನೀವು ಬರೆದದ್ದನ್ನು ಭಾನುವಾರ ಆ ಹುಡುಗಿಗೆ ಸಾಲು ಸಾಲಾಗಿ ಇಂಗ್ಲಿಷಿನಲ್ಲಿ ಹೇಳಿದೆ. ಪಚ್ಚಿಲೆ ಹೆರೆಯುವ ಮಾತಿಗೆ ನಕ್ಕಳು. ಬೆರಳಿನ ಮಾತಿಗೆ ಸುಮ್ಮನಾಗಿ, ನನ್ನ ಎದುರು ಎದ್ದು ನಿಂತು ಬಲಗೈ ಮುಷ್ಟಿ ಮಾಡಿ ಎತ್ತಿ ತೋರಿಸಿದಳು. ನೀವು ಹೇಳಿದ ಅದೇ ಸನ್ನೆ. ಅವಳಿಗೂ ಅಲ್ಲಿ ಮೊದಲ ವಾರ ಕಲಿಸಿದ್ದು ಇದನ್ನೇ ಅಂತೆ, ಅದು ಬಿಟ್ಟರೆ ತುಕ್ಕು ಕೆರೆದು ಬಣ್ಣ ಬಳಿಯುವುದು.

ಆಮೇಲೆ ಇಬ್ಬರೂ ಕಾರಿನಲ್ಲಿ ಆಸ್ಟೋರಿಯಾಕ್ಕೆ ಹೋದೆವು. ದೊಡ್ಡ ಸೇತುವೆಯ ಕೆಳಗೆ ಮಳೆಯಲ್ಲಿ ನಿಂತೆವು. ಲಂಗರು ಹಾಕಿದ ಹಡಗುಗಳು ಐದಿದ್ದವು. ನೀರಿನಲ್ಲಿ ಒಂದು ಕೆಂಪು ಬೋಯಾ ಸೆಳೆತಕ್ಕೆ ವಾಲಿಕೊಂಡು ನಿಂತಿತ್ತು. ಅದರ ಸರಪಳಿಯ ಯಾವ ಭಾಗ ಸವೆದಿರುತ್ತದೆ ಹೇಳಿ ನೋಡೋಣ ಎಂದು ಅವಳು ಕೇಳಿದಳು. ನಾನು ಸರಿಯಾಗಿ ಹೇಳಿದೆ.

ಗಂಗೊಳ್ಳಿ ಸಾರಂಗ:

ಬಹಳ ಸಂತೋಷವಾಯಿತು. ಆ ಮಗುವಿಗೆ ನನ್ನ ಆಶೀರ್ವಾದ ತಿಳಿಸಿ. ಚಳಿಗೆ ಕೈಗವಸು ಹಾಕುವಾಗ ಬಿಗಿಯಾದದ್ದನ್ನೇ ಹಾಕಲಿ. ಸಡಿಲವಾದ ಕೈಗವಸನ್ನು ಹಗ್ಗ ಸುತ್ತಿ ಎಳೆಯುವ ಯಂತ್ರ, ವಿಂಚು, ಎಳೆದುಕೊಳ್ಳುತ್ತದೆ.